ಬಿಳಿ ಟೋಪಿಯವನ ಕೈಸನ್ನೆ

ಲಿಯಾಂಡರ್, ಟೆಕ್ಸಸ್
ನವೆಂಬರ್ 28, 2004, ರವಿವಾರ

ಗೆಳೆಯ ಚನ್ನವೀರಪ್ಪನಿಗೆ ರಘುನಂದನನ ಪ್ರೀತಿಯ ನಮಸ್ಕಾರಗಳು.

ನಿನ್ನ ಪತ್ರ ಬಂದು ಶ್ರಾವಣ ಮುಗಿಯಿತು, ದಸರೆ ಕಳೆಯಿತು, ದೀಪಾವಳಿಯ ಪಣತಿಗಳನ್ನು ಸುಚೇತಾ ತೊಳೆದು ಮತ್ತೆ ಡಬ್ಬಿಗೆ ತುಂಬಿದ್ದೂ ಆಯಿತು. ಇಷ್ಟು ತಡ ಮಾಡಿದ್ದಕ್ಕೆ ನೀನು ಬೈಯುವುದು ನ್ಯಾಯವೇ. ಬೈಗುಳವನ್ನು ಧಾರವಾಡದಲ್ಲೇ ಬೈದು ಮುಗಿಸು, ಇಲ್ಲಿಯವರೆಗೆ ಕಳಿಸಿದರೆ ಅಂಚೆಚೀಟಿ ದಂಡ. ಈ-ಮೇಲ್ ಮಾಡಬಹುದಿತ್ತು, ಆದರೆ ನಿನ್ನ ಈ-ಮೇಲ್ ಎಂದರೆ ಸೈಬರ್ ಕೆಫೆಯವನು ಪ್ರಿಂಟ್ ತೆಗೆದು, ತಾನು ಒಮ್ಮೆ ಓದಿ ಚಹಾ ಕುಡಿದು, ಆಮೇಲೆ ನಿನಗೆ ಕೊಡುವ ಕಾಗದ. ಈ ಪತ್ರ ಅವನ ಕಣ್ಣಿಗೆ ಬೀಳುವುದು ನನಗೆ ಬೇಡ. ಸುಚೇತಾ ಕಣ್ಣಿಗೂ ಬೇಡ. ಅವಳು ಭಾರತೀಯ ಅಂಗಡಿಗೆ ಹೋಗಿದ್ದಾಳೆ, ಅಲ್ಲಿ ಯಾರಾದರೂ ಕನ್ನಡದವರು ಸಿಕ್ಕರೆ ಸಂಜೆಯವರೆಗೆ ಬರುವುದಿಲ್ಲ. ಅದಕ್ಕೇ ಕುಳಿತಿದ್ದೇನೆ.

ನಾವು ಚೆನ್ನಾಗಿದ್ದೇವೆ. ಮಗ ನಿಶ್ಚಲ್ ಹ್ಯೂಸ್ಟನ್ನಿನಲ್ಲಿ ಓದುತ್ತಿದ್ದಾನೆ, ಫೋನ್ ಮಾಡಿದರೆ ಎತ್ತುವುದಿಲ್ಲ, ಅಂದರೆ ಆರೋಗ್ಯವಾಗಿದ್ದಾನೆ. ನಿನ್ನ ಹರ್ಷಿಣಿ ಖೋ-ಖೋದಲ್ಲಿ ರಾಜ್ಯ ತಂಡಕ್ಕೆ ಆಯ್ಕೆಯಾದ ಸುದ್ದಿ ಓದಿ ಎಷ್ಟು ಸಂತೋಷವಾಯಿತೆಂದರೆ, ಆ ಸಾಲನ್ನು ಸುಚೇತಾಗೆ ಎರಡು ಸಲ ಓದಿ ಹೇಳಿದೆ. ಎಷ್ಟಾದರೂ ಪಿ.ಟಿ. ಮೇಷ್ಟ್ರ ಮಗಳು. ನಾವಿಬ್ಬರೂ ಸೀಟಿ ಕೊರಳಿಗೆ ಹಾಕಿಕೊಂಡು ಶಾಲೆ ಶಾಲೆಗಳ ಖೋ-ಖೋ ಪಂದ್ಯಗಳಿಗೆ ಸೈಕಲ್ ತುಳಿಯುತ್ತಿದ್ದ ಕಾಲದಲ್ಲಿ ಅವಳಿನ್ನೂ ಹುಟ್ಟಿರಲಿಲ್ಲ.

ನೀನು ಕೇಳಿದ್ದೆ: ಅಮೆರಿಕದವರ ಫುಟ್‌ಬಾಲಿನಲ್ಲಿ ಕಾಲಿಗಿಂತ ಕೈ ಕೆಲಸವೇ ಹೆಚ್ಚಂತೆ, ಅಂಥದರಲ್ಲಿ ನೀನೇನು ರೆಫರಿ ಮಾಡುತ್ತೀ ಎಂದು. ಹೇಳುತ್ತೇನೆ. ಹೇಳದಿದ್ದರೆ ಮುಂದಿನದು ನಿನಗೆ ತಿಳಿಯುವುದಿಲ್ಲ.

ನಮ್ಮ ಕಡೆ ತಪ್ಪು ಮಾಡಿದರೆ ಎದುರಿನವರಿಗೆ ಒಂದು ಅಂಕ ಹೋಗುತ್ತದೆ, ಹೆಚ್ಚೆಂದರೆ ಆಟಗಾರ ಹೊರಗೆ ಕೂರುತ್ತಾನೆ. ಇಲ್ಲಿ ದಂಡ ಎಂದರೆ ನೆಲ. ಇಡೀ ಆಟವೇ ನೆಲದ ಜಗಳ. ಚೆಂಡು ಹಿಡಿದವರು ಗಜ ಗಜವಾಗಿ ಮುಂದೆ ಒತ್ತಬೇಕು, ಎದುರಿನವರು ತಡೆಯಬೇಕು, ಅಣ್ಣತಮ್ಮಂದಿರು ಹೊಲದ ಬದು ಒತ್ತುವ ಹಾಗೆ. ಆದ್ದರಿಂದ ತಪ್ಪಿತಸ್ಥರಿಂದ ಐದೋ ಹತ್ತೋ ಹದಿನೈದೋ ಗಜ ನೆಲ ಕಿತ್ತು ಇನ್ನೊಬ್ಬರಿಗೆ ಕೊಡುತ್ತೇವೆ. ತಪ್ಪು ಕಂಡವನು ಸೊಂಟಕ್ಕೆ ಸಿಕ್ಕಿಸಿಕೊಂಡ ಹಳದಿ ಬಟ್ಟೆಯನ್ನು ಮೈದಾನಕ್ಕೆ ಒಗೆಯುತ್ತಾನೆ. ಅದೇ ಫ್ಲ್ಯಾಗ್. ಆಮೇಲೆ ಬಿಳಿ ಟೋಪಿ ಹಾಕಿದ ಮುಖ್ಯ ರೆಫರಿ ಎಲ್ಲರಿಗೂ ಕಾಣುವಂತೆ ನಿಂತು ಕೈಸನ್ನೆಯಲ್ಲಿ ತೀರ್ಪು ಹೇಳುತ್ತಾನೆ, ತಪ್ಪಿಗೆ ಈಡಾದ ತಂಡದ ನಾಯಕನನ್ನು ಕರೆದು ದಂಡ ಬೇಕೋ ಬೇಡವೋ ಎಂದು ಕೇಳುತ್ತಾನೆ. ಬೇಕು ಎಂದರೆ ಇನ್ನೊಬ್ಬ ಚೆಂಡೆತ್ತಿಕೊಂಡು ಹೆಜ್ಜೆ ಹಾಕಿ ನೆಲ ಅಳೆದು ಕೊಡುತ್ತಾನೆ. ಸಾವಿರ ಜನ ಬಾಯಿ ಮುಚ್ಚಿಕೊಂಡು ಆ ನಡಿಗೆಯನ್ನು ನೋಡುತ್ತಾರೆ. ಇಲ್ಲಿಗೆ ಬಂದ ಹೊಸದರಲ್ಲಿ ಯಾರೋ ಕರೆದರೆಂದು ಒಂದು ಶಾಲೆಯ ಆಟಕ್ಕೆ ಹೋಗಿದ್ದೆ. ಎಲ್ಲರೂ ಚೆಂಡು ನೋಡುತ್ತಿದ್ದರೆ ನಾನು ಪಟ್ಟೆ ಅಂಗಿಯ ರೆಫರಿಗಳನ್ನೇ ನೋಡುತ್ತ ಕೂತೆ. ಮರುವರ್ಷ ಅವರ ಸಂಘ ಸೇರಿದೆ. ಚಿಕ್ಕ ಮಕ್ಕಳ ಆಟಗಳಿಂದ ಶುರು ಮಾಡಿ ಹೈಸ್ಕೂಲಿನ ಕಿರಿಯರ ತಂಡಗಳ ಆಟಕ್ಕೆ ಬಿಳಿ ಟೋಪಿ ಹಾಕುವ ಮಟ್ಟಕ್ಕೆ ಬಂದೆ. ಆಫೀಸಿನಲ್ಲಿ ಯಾರೂ ನನ್ನ ಮಾತು ಕೇಳುವುದಿಲ್ಲ ಚನ್ನೂ, ಮೈದಾನದಲ್ಲಿ ಕೈ ಎತ್ತಿದರೆ ಎರಡು ಊರು ಸುಮ್ಮನಾಗುತ್ತವೆ. ಆ ಹಮ್ಮು ನನಗಿತ್ತು, ಇಲ್ಲವೆನ್ನುವುದಿಲ್ಲ.

ಈಗ ನಿರುಪಮಾಳ ವಿಷಯ. ನಮ್ಮ ಸಪ್ತಾಪುರದವಳೇ, ಮೈಸೂರಿನ ಪ್ರಹ್ಲಾದನನ್ನು ಮದುವೆಯಾಗಿ ಇಲ್ಲಿದ್ದಾಳೆ. ಪ್ರಹ್ಲಾದ್ ನನ್ನದೇ ಕಂಪನಿಯಲ್ಲಿ ಕೆಲಸ ಮಾಡುತ್ತಾನೆ. ಅವಳಿಗೆ ತಂದೆತಾಯಿ ಇಲ್ಲ, ಒಡಹುಟ್ಟಿದವರೂ ಇಲ್ಲ. ಮೊದಲ ವರ್ಷ ಪಂಚಮಿಯ ದಿನ ಸುಚೇತಾ ಕಟ್ಟಿದ ಶೇಂಗಾ ಉಂಡಿಗಳನ್ನು ನಾನು ಅವರ ಮನೆಗೆ ಒಯ್ದು ಕೊಟ್ಟೆ. ಬಾಗಿಲಲ್ಲೇ ಅತ್ತುಬಿಟ್ಟಳು. ಅಂದಿನಿಂದ ನಾನು ಅವಳಿಗೆ ರಘಣ್ಣ. ಪ್ರತಿ ಪಂಚಮಿಗೆ ಉಂಡಿ, ದೀಪಾವಳಿಗೆ ಖಣ. ಅವಳು ತವರು ಎಂದರೆ ನಮ್ಮ ಮನೆ ಎಂದು ಎಲ್ಲರೆದುರು ಹೇಳುತ್ತಾಳೆ.

ಅವಳ ಮಗಳು ದಿಯಾ. ಹದಿನಾರು ವರ್ಷ, ಕಾಲಿನಲ್ಲಿ ಆಡುವ ನಮ್ಮ ಕಡೆಯ ಫುಟ್‌ಬಾಲಿನಲ್ಲಿ ಚುರುಕು. ಈ ಆಟದಲ್ಲೂ ಚೆಂಡನ್ನು ಒದ್ದು ಎರಡು ಕಂಬಗಳ ನಡುವೆ ದಾಟಿಸಿ ಅಂಕ ಗಳಿಸುವ ಒಂದು ಕೆಲಸವಿದೆ. ಅದನ್ನು ಮಾಡುವವರಿಗೆ ಕಿಕ್ಕರ್ ಎನ್ನುತ್ತಾರೆ. ಅವಳ ಒದೆತ ನೋಡಿದ ಕೋಚ್, ಹುಡುಗರ ತಂಡಕ್ಕೆ ಬರುತ್ತೀಯಾ ಎಂದು ಕೇಳಿದ. ಇವಳು ಕುಣಿದಾಡಿದಳು. ತಾಯಿ ಬೇಡವೇ ಬೇಡ ಎಂದಳು. ಎಮ್ಮೆಗಳ ಹಿಂಡಿನೊಳಗೆ ನನ್ನ ಮಗಳನ್ನು ಬಿಡಬೇಕೇ ಎಂದು ನನ್ನನ್ನೇ ಪಂಚಾಯ್ತಿಗೆ ಕರೆದಳು.

ಹೋದೆ. ಅವರ ಊಟದ ಮೇಜಿನ ಮೇಲೆ ಉಪ್ಪಿನಕಾಯಿ ಬಾಟಲಿ, ಚಮಚ, ಲೋಟಗಳನ್ನು ಆಟಗಾರರಂತೆ ಜೋಡಿಸಿ ವಿವರಿಸಿದೆ. ಈ ಆಟದಲ್ಲಿ ಎಲ್ಲರನ್ನೂ ಕೆಡವಬಹುದು, ಕಿಕ್ಕರ್‌ನನ್ನು ಮುಟ್ಟುವ ಹಾಗಿಲ್ಲ. ಒಂದು ಕಾಲು ಮೇಲೆತ್ತಿ ಒಂಟಿಗಾಲಲ್ಲಿ ನಿಂತವರು ತಮ್ಮನ್ನು ತಾವು ಕಾಯ್ದುಕೊಳ್ಳಲಾರರು, ಅದಕ್ಕೇ ನಿಯಮವೇ ಅವರನ್ನು ಕಾಯುತ್ತದೆ. ಆಗ ಬಿಳಿ ಟೋಪಿಯವನ ಕೆಲಸ ಒಂದೇ, ಚೆಂಡು ಎಲ್ಲಿ ಹೋದರೂ ಬಿಟ್ಟು ಕಿಕ್ಕರ್‌ನನ್ನು ನೋಡುತ್ತಿರುವುದು. ಮೈದಾನದಲ್ಲಿ ಅಷ್ಟು ಜನರಿದ್ದರೂ ನಿನ್ನ ಮಗಳಿಗೆಂದೇ ಒಬ್ಬ ಕಾವಲುಗಾರ ಇರುತ್ತಾನೆ ಎಂದೆ. ಆಮೇಲೆ ನನ್ನ ಬಾಯಿ ಸುಮ್ಮನಿರಲಿಲ್ಲ, ‘ನಾ ಇದೀನಲ್ಲವಾ, ಯಾಕ ಹೆದರತಿ?’ ಎಂದೂ ಸೇರಿಸಿದೆ. ನಿರುಪಮಾ ನನ್ನ ಮುಖ ನೋಡಿದಳು. ‘ನೀವು ಹೇಳಿದ್ರಿ ಅಂತ ಕಳಸ್ತೀನ್ರಿ ರಘಣ್ಣ’ ಎಂದಳು. ಪ್ರಹ್ಲಾದ್ ಅನುಮತಿಯ ಕಾಗದಕ್ಕೆ ಸಹಿ ಹಾಕಿದ.

ದಿಯಾ ಚೆನ್ನಾಗಿ ಆಡಿದಳು. ಹೆಲ್ಮೆಟ್ಟಿನ ಹಿಂದಿನಿಂದ ಜಡೆ ಇಳಿಬಿಟ್ಟುಕೊಂಡು ಬರುವ ಹುಡುಗಿಯನ್ನು ನೋಡಲೆಂದೇ ಜನ ಬರತೊಡಗಿದರು. ಮುಂದಿನ ವರ್ಷ ಶಾಲೆಯ ಹಿರಿಯರ ತಂಡಕ್ಕೆ ತೆಗೆದುಕೊಳ್ಳುತ್ತೇವೆ ಎಂದು ಕೋಚ್ ಹೇಳಿದನಂತೆ.

ಅಕ್ಟೋಬರಿನಲ್ಲಿ ಒಂದು ಗುರುವಾರದ ಆಟಕ್ಕೆ ನನಗೆ ಕರೆ ಬಂತು. ಅವಳ ಶಾಲೆಯದೇ. ಬರಬೇಕಾದವನಿಗೆ ಜ್ವರ. ಆಟಗಳನ್ನು ಹಂಚುವವನು ಫೋನಿನಲ್ಲಿ ಕೇಳಿದ, ಆ ಶಾಲೆಯಲ್ಲಿ ನಿನ್ನ ಸಂಬಂಧಿಕರು ಯಾರಾದರೂ ಇದ್ದಾರೆಯೇ ಎಂದು. ಇಲ್ಲ ಎಂದೆ. ರಕ್ತಸಂಬಂಧ ಇಲ್ಲವಲ್ಲ! ಅಣ್ಣ ಎಂದು ಕರೆಸಿಕೊಂಡು ಉಂಡಿ ಕೊಟ್ಟದ್ದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನಿಜ ಹೇಳಬೇಕೆಂದರೆ ಬಿಳಿ ಟೋಪಿಯ ಆಸೆ.

ಅದು ಬನ್ನಿ ಹಬ್ಬದ ಹೊತ್ತು. ಇಲ್ಲಿ ಬನ್ನಿ ಮರವಿಲ್ಲ, ಅದರ ದಾಯಾದಿ ಮೆಸ್ಕೀಟ್ ಎಂಬ ಮುಳ್ಳುಮರವಿದೆ, ನೋಡಲು ಥೇಟ್ ನಮ್ಮ ಬಳ್ಳಾರಿ ಜಾಲಿ. ನಾವು ಉತ್ತರ ಕರ್ನಾಟಕದ ಮಂದಿ ಅದರ ಎಲೆಯನ್ನೇ ಬನ್ನಿಯೆಂದು ಹಂಚಿಕೊಳ್ಳುತ್ತೇವೆ, ಮೈಸೂರಿನವರು ನಗುತ್ತಾರೆ. ಮೈದಾನದ ನಡುವೆ ನಾಣ್ಯ ಚಿಮ್ಮಲು ಎರಡೂ ತಂಡಗಳ ನಾಯಕರು ಬಂದು ನಿಂತರು. ಅವತ್ತು ದಿಯಾಳೂ ಒಬ್ಬ ನಾಯಕಿ. ಕೈ ಕುಲುಕುತ್ತ ನನ್ನ ಅಂಗೈಗೆ ಎಲೆ ಇಟ್ಟಳು. ಬಂಗಾರ ತಗೊಳ್ಳಿ ಅಂಕಲ್, ಅಮ್ಮ ಕಳಿಸಿದ್ದು, ಇಂಡಿಯಾದಲ್ಲಿ ಆಗಲೇ ದಶಮಿ ಬೆಳಗಾಗುತ್ತಿದೆಯಂತೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಬಗ್ಗಿ ನನ್ನ ಬೂಟು ಮುಟ್ಟಿ ಆ ಕೈಯನ್ನು ಹೆಲ್ಮೆಟ್ಟಿನ ಕಂಬಿಗೆ ಒತ್ತಿಕೊಂಡಳು. ನನ್ನ ಕೈ ತಾನಾಗಿಯೇ ಅವಳ ತಲೆಯ ಮೇಲೆ ಹೋಯಿತು. ಬೇಲಿಯ ಆಚೆ ನಿರುಪಮಾ ಕೈ ಜೋಡಿಸಿ ನಿಂತಿದ್ದಳು.

ಎದುರು ತಂಡದ ಕೋಚ್ ಸುಮ್ಮನಿರುತ್ತಾನೆಯೇ. ನೇರವಾಗಿ ನನ್ನ ಬಳಿ ಬಂದು, ಆ ಹುಡುಗಿ ಕೈಗೆ ಏನು ಕೊಟ್ಟಳು ಎಂದ. ಜೇಬಿನಿಂದ ತೆಗೆದು ತೋರಿಸಿದೆ. ಅವನು ಟೆಕ್ಸಸ್ಸಿನ ಮನುಷ್ಯ, ಆ ಮರ ಅವನಿಗೆ ಮಾಂಸ ಸುಡುವ ಸೌದೆ. ಎಲೆ ನೋಡಿದ, ನನ್ನನ್ನು ನೋಡಿದ. ನಿಮ್ಮ ಪದ್ಧತಿ ನನಗೆ ಗೊತ್ತಿಲ್ಲ, ಆದರೆ ಬಿಳಿ ಟೋಪಿಯವನ ಕಾಲಿಗೆ ಆಟಗಾರರು ಬೀಳುವುದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ, ಇವತ್ತು ನಿನ್ನ ಮೇಲೆ ಕಣ್ಣಿಟ್ಟಿರುತ್ತೇನೆ ಎಂದ. ನನ್ನ ಜೊತೆಯ ರೆಫರಿಗಳು ಬೇರೆ ಕಡೆ ನೋಡುತ್ತ ನಿಂತರು.

ನಾಚಿಕೆಯಾಯಿತು ಚನ್ನೂ. ಆದರೆ ಯಾವುದಕ್ಕೆ ಎಂದು ಕೇಳು. ಸಂಬಂಧ ಮುಚ್ಚಿಟ್ಟು ಬಂದದ್ದಕ್ಕಲ್ಲ. ಆ ಎಲೆಗೆ, ಆ ನಮಸ್ಕಾರಕ್ಕೆ. ಇವಳಿಗೆ ಬೇರೆ ಜಾಗ ಸಿಗಲಿಲ್ಲವೇ, ಇವಳಮ್ಮನಿಗೆ ಬುದ್ಧಿ ಬೇಡವೇ ಎಂದು ಮನಸ್ಸಿನಲ್ಲೇ ಬೈದೆ. ಧಾರವಾಡದಲ್ಲಿ ಬನ್ನಿ ಕೊಟ್ಟವರ ಕೈಯನ್ನು ಕಣ್ಣಿಗೊತ್ತಿಕೊಂಡು ಬೆಳೆದವನು, ಆ ಎಲೆಯನ್ನು ನೀರಿನ ಕ್ಯಾನಿನ ಹಿಂದೆ ಯಾರಿಗೂ ಕಾಣದಂತೆ ಉದುರಿಸಿದೆ.

ಆಟ ಶುರುವಾಯಿತು. ಮೊದಲರ್ಧದಲ್ಲಿ ದಿಯಾಳ ತಂಡದ ಮೇಲೆ ಎರಡು ಸಲ ಫ್ಲ್ಯಾಗ್ ಒಗೆದೆ. ಎರಡೂ ತಪ್ಪುಗಳೇ, ಸುಳ್ಳಲ್ಲ. ಆದರೆ ಅವುಗಳಲ್ಲಿ ಒಂದು, ಬೇರೆ ದಿನವಾಗಿದ್ದರೆ ಕಂಡೂ ಕಾಣದ ಹಾಗೆ ಬಿಡುವಂಥ ಸಣ್ಣದು. ಹತ್ತು ಗಜ ಹಿಂದಕ್ಕೆ ಅಳೆಸಿದೆ. ಎದುರು ಕೋಚ್ ನನ್ನತ್ತ ನೋಡಿ ಮೆಚ್ಚಿ ತಲೆಯಾಡಿಸಿದ. ಅದು ನನಗೆ ಹಿತವಾಯಿತು. ಬೇಲಿಯೇ ಎದ್ದು ಹೊಲ ಮೇಯುವುದು ಅಲ್ಲಿಂದಲೇ ಶುರುವಾಯಿತೆಂದು ಈಗ ಅನಿಸುತ್ತದೆ.

ಕೊನೆಯ ಕೆಲವೇ ಕ್ಷಣ. ದಿಯಾಳ ತಂಡ ಎರಡು ಅಂಕ ಹಿಂದೆ. ಎದುರಾಳಿಯ ಗೆರೆಗೆ ಹತ್ತು ಗಜ ದೂರ. ಅವಳು ಒದ್ದು ಕಂಬ ದಾಟಿಸಿದರೆ ಮೂರು ಅಂಕ, ಆಟ ಅವರದು. ನಾನು ಅವಳ ಪಕ್ಕಕ್ಕೆ ಸ್ವಲ್ಪ ಹಿಂದೆ ನಿಂತೆ. ಇಬ್ಬರು ರೆಫರಿಗಳು ದೂರದಲ್ಲಿ ಕಂಬಗಳ ಕೆಳಗೆ ನಿಂತು ಮೇಲೆ ನೋಡುತ್ತಿದ್ದರು, ಉಳಿದವರ ಕಣ್ಣು ಗೆರೆಯ ಗುದ್ದಾಟದ ಮೇಲೆ. ಅವಳ ಮೇಲೆ ನನ್ನದು ಮಾತ್ರ.

ಚೆಂಡು ಬಂತು, ಒದ್ದಳು. ಎಡಗಡೆಯಿಂದ ಒಬ್ಬ ದಾಂಡಿಗ ಕೈ ಚಾಚಿ ಹಾರಿ ಬಂದು, ನೆಲಕ್ಕೂರಿದ ಅವಳ ಎಡಗಾಲಿನ ಮೇಲೆ ಭುಜ ಹಾಕಿ ಬಿದ್ದ. ಚೆಂಡು ಕಂಬದ ಹೊರಗೆ ಹೋಯಿತು. ಕಿಕ್ಕರ್‌ಗೆ ಹೀಗೆ ಡಿಕ್ಕಿಯಾದರೆ ಹದಿನೈದು ಗಜದ ದಂಡ. ಗೆರೆ ಹತ್ತಿರವಿದ್ದದ್ದರಿಂದ ಉಳಿದ ದೂರದ ಅರ್ಧ, ಮತ್ತು ದಿಯಾಳ ತಂಡಕ್ಕೆ ಹೊಸದಾಗಿ ಅವಕಾಶ. ಆದರೆ ಅವನ ಕೈ ಮೊದಲು ಚೆಂಡಿಗೆ ತಾಗಿದ್ದರೆ, ಆಮೇಲಿನ ಡಿಕ್ಕಿ ತಪ್ಪಲ್ಲ. ತಾಗಿದ ಹಾಗೆ ನನಗೆ ಕಂಡಿತು. ಅದಕ್ಕೊಂದು ಕೈಸನ್ನೆ ಇದೆ, ಒಂದು ಕೈಯನ್ನು ಎತ್ತಿ ಹಿಡಿದು ಇನ್ನೊಂದರ ಬೆರಳುಗಳಿಂದ ಅದರ ತುದಿ ಸವರುವುದು. ಸವರಿದೆ. ಆಟ ಮುಗಿಯಿತು.

ದಿಯಾ ಏಳಲಿಲ್ಲ. ನಿರುಪಮಾ ಬೇಲಿ ದಾಟಿ ಓಡಿ ಬಂದಳು, ಚಪ್ಪಲಿ ಎಲ್ಲೋ ಬಿದ್ದಿತ್ತು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನನ್ನ ಕಡೆ ನೋಡಿ, ‘ತಪ್ಪಾತೇನ್ರಿ ರಘಣ್ಣ?’ ಎಂದಳು. ಚೆಂಡು ಮುಟ್ಟಿದ್ದಾನೆ, ತಪ್ಪಲ್ಲ ಎಂದೆ. ‘ನೀವು ನೋಡೀರಿ ಅಂದಮ್ಯಾಲ ಮುಗೀತ್ರಿ’ ಎಂದಳು. ಅಷ್ಟೇ. ಮುಂದೆ ಯಾರನ್ನೂ ಏನನ್ನೂ ಕೇಳಲಿಲ್ಲ.

ಮೊಣಕಾಲಿನ ಒಳಗಿನ ನಾರು ಹರಿದಿದೆ. ಬರುವ ತಿಂಗಳು ಆಪರೇಷನ್. ಮುಂದಿನ ವರ್ಷ ಪೂರ್ತಿ ಯಾವ ಆಟವೂ ಇಲ್ಲ, ಅದರ ಮುಂದಿನದು ಆಗ ನೋಡೋಣ ಎಂದಿದ್ದಾರೆ ಡಾಕ್ಟರು.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರವನ್ನು ಇನ್ನೂ ಒಂದು ಹಬ್ಬ ಮುಂದೆ ಹಾಕುತ್ತಿದ್ದೆನೇನೋ. ಹೋದ ವಾರ ಡಲ್ಲಾಸ್ ಪಕ್ಕದ ಕ್ಯಾರಲ್ಟನ್‌ನಲ್ಲಿ ಡಲ್ಲಾಸ್, ಹ್ಯೂಸ್ಟನ್ ಮತ್ತು ನಮ್ಮ ಕಡೆಯ ಕನ್ನಡಿಗರು ಸೇರಿ ರಾಜ್ಯೋತ್ಸವ ಮಾಡಿದರು. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಎಂಬ ಬಡಾವಣೆಯಲ್ಲಿ ಎಣ್ಣೆ ಕಂಪನಿಯ ದೊಡ್ಡ ಹುದ್ದೆಯಲ್ಲಿರುವ ಶ್ರೀಪತಿ ಎಂಬವರು ಅಧ್ಯಕ್ಷರು. ಪುಳಿಯೋಗರೆ, ಕೇಸರಿಬಾತು, ಮಕ್ಕಳ ಕೋಲಾಟ ಎಲ್ಲ ಆದ ಮೇಲೆ ಮೈಕಿನಲ್ಲಿ ನನ್ನ ಹೆಸರು ಕರೆದರು. ಸನ್ಮಾನವಂತೆ! ಸುಚೇತಾಗೆ ಮೊದಲೇ ಗೊತ್ತಿತ್ತು, ಅದಕ್ಕೇ ಹೊಸ ಜುಬ್ಬ ಹಾಕಿಕೊಳ್ಳಿ ಎಂದು ದುಂಬಾಲು ಬಿದ್ದಿದ್ದಳು. ನನ್ನನ್ನು ಪರಿಚಯಿಸಲು ನಿರುಪಮಾ ಎದ್ದು ಬಂದಳು.

ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ‘ನನ್ನ ಮಗಳು ಬಿದ್ದು ಒದ್ದಾಡೂ ಮುಂದ ನಮ್ಮ ರಘಣ್ಣ ಒಂದು ಹಳದಿ ಬಟ್ಟಿ ಒಗದಿದ್ರ ಆಕಿ ತಂಡ ಗೆಲ್ಲತಿತ್ತು. ಒಗೀಲಿಲ್ಲ. ಯಾಕಂದ್ರ ಅಲ್ಲೆ ತಪ್ಪಾಗಿದ್ದಿಲ್ಲ. ತನ್ನವರು ಅಂತ ನೋಡಲಿಲ್ಲ. ಇಂಥಾ ಮನಷ್ಯಾ ನನ್ನ ತವರಿನಾಂವ ಅಂತ ನನಗ ಹೆಮ್ಮಿ ಅದ.’

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶ್ರೀಪತಿಯವರು ಶಾಲು ಹೊದಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ನನ್ನ ಕೈ ಎರಡೂ ಹೆಗಲಿಗೆ ಹೋಗಿ ಶಾಲು ಹಿಡಿದುಕೊಂಡಿತು. ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಎರಡು ಮಾತಾಡಿ ಎಂದರು. ನಾನು ನನ್ನ ಕರ್ತವ್ಯ ಮಾಡಿದ್ದೇನೆ ಎಂದೆ. ಅದಕ್ಕೂ ಚಪ್ಪಾಳೆ. ಮೊದಲ ಸಾಲಿನಲ್ಲಿ ಕಾಲು ಚಾಚಿ ಕುಳಿತಿದ್ದ ದಿಯಾ ಊರುಗೋಲುಗಳನ್ನು ಕೆಳಗಿಟ್ಟು ತಾನೂ ಚಪ್ಪಾಳೆ ತಟ್ಟಿದಳು.

ನಾಚಿಕೆ ಎಂಬ ಮಾತು ಸಾಲುವುದಿಲ್ಲ. ತಾಯಿಗೆ ಭರವಸೆ ಕೊಟ್ಟು ಮಗಳನ್ನು ಮೈದಾನಕ್ಕೆ ಇಳಿಸಿದವನು ನಾನು. ಕಾಯುವೆ ಎಂದವನ ಕಣ್ಣೆದುರೇ ಅವಳ ಕಾಲಿಗೆ ಪೆಟ್ಟಾಯಿತು, ಆ ತಾಯಿಯ ಬಾಯಿಂದಲೇ ಹೊಗಳಿಸಿಕೊಂಡು ಶಾಲು ಹೊದಿಸಿಕೊಂಡೆ. ಮರಳಿ ಬರುವಾಗ ಸುಚೇತಾ ಡ್ರೈವ್ ಮಾಡಿದಳು, ನಾನು ತೊಡೆಯ ಮೇಲೆ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತೆ. ಮನೆಗೆ ಬಂದು ಬುಟ್ಟಿಯನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟೆ. ಒಂದು ಬಾಳೆಹಣ್ಣನ್ನೂ ಇಟ್ಟುಕೊಳ್ಳಲಿಲ್ಲ.

ಮುಂದಿನ ವರ್ಷದಿಂದ ರೆಫರಿ ಕೆಲಸಕ್ಕೆ ಹೋಗುವುದಿಲ್ಲ ಎಂದು ಸುಚೇತಾಗೆ ಹೇಳಿದೆ. ಯಾಕೆ ಎಂದಳು. ಮೊಣಕಾಲು ನೋವು ಎಂದೆ. ಆ ಮಾತು ಬಾಯಿಂದ ಬಂದದ್ದೇ ನಾಲಿಗೆ ಕಚ್ಚಿಕೊಂಡೆ. ಅವಳು ಪಾಪ ಎಣ್ಣೆ ಬಿಸಿ ಮಾಡಿ ತಂದಳು.

ನಿನಗೆ ಇದನ್ನೆಲ್ಲ ಬರೆಯಲು ಕಾರಣ, ಸೀಟಿ ಹಿಡಿದ ಕೈ ಹೇಗೆ ಬೆವರುತ್ತದೆ ಎಂದು ಬಲ್ಲವನು ನನಗೆ ನೀನೊಬ್ಬ. ನಿನ್ನ ಸ್ವಂತ ಅಣ್ಣನ ಶಾಲೆಯ ಪಂದ್ಯಕ್ಕೆ ಕರೆದಾಗ, ಅದು ನಮ್ಮ ಮನಿ ಆಟ, ನಾ ಬರಾಂಗಿಲ್ಲ ಎಂದು ಸೀಟಿ ಬಿಚ್ಚಿ ಕೊಟ್ಟು ಪ್ರೇಕ್ಷಕರ ನಡುವೆ ಕೂತವನು ನೀನು. ಅವತ್ತು ನಾನು ನಿನ್ನನ್ನು ಹೆದರುಪುಕ್ಕ ಎಂದು ಕಾಡಿಸಿದ್ದೆ. ಆ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.

ಅವ್ವ ಶಿವಬಸವ್ವನವರ ಪಾದಗಳಿಗೆ ನನ್ನ ನಮಸ್ಕಾರ ತಿಳಿಸು. ಅವರ ಕೈಯ ಜೋಳದ ರೊಟ್ಟಿ,‌ ಎಣ್ಣೆಗಾಯಿ ಕನಸಿನಲ್ಲೂ ಬರುತ್ತವೆ ಎಂದು ಹೇಳು. ನಿನ್ನ ಮನೆಯಾಕೆ, ನನ್ನ ತಂಗಿಗೆ ನಮ್ಮಿಬ್ಬರ ನೆನಪುಗಳು. ಹರ್ಷಿಣಿಗೆ ನನ್ನ ತುಂಬು ಆಶೀರ್ವಾದಗಳು. ಅವಳು ಓಡಲಿ, ದಣಿಯದೆ ಓಡಲಿ. ಅವಳ ಕಾಲಿಗೆ ಮುಳ್ಳು ಕೂಡ ಚುಚ್ಚದಿರಲಿ. ಅವಳ ಆಟದಲ್ಲಿ ಸೀಟಿ ಹಿಡಿದವರು ಅವಳನ್ನು ಸರಿಯಾಗಿ ನೋಡಲಿ.

ಇಂತಿ ನಿನ್ನವ,
ರಘುನಂದನ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ಮೇಲೆ, ಚೆಂಡಿಗೆ ಕೈ ತಾಗಿದ ಹಾಗೆ ಕಂಡಿತು ಎಂದು ಬರೆದಿದ್ದೇನೆ. ನಿನಗೂ ಸುಳ್ಳು ಬರೆದೆ ಚನ್ನೂ. ಕಂಡಿರಲಿಲ್ಲ. ಅವನ ಕೈಗೂ ಚೆಂಡಿಗೂ ನಡುವೆ ಒಂದು ಮೊಳ ಬೆಳಕಿತ್ತು. ನನ್ನ ಬಲಗೈ ಸೊಂಟದ ಹಳದಿ ಬಟ್ಟೆಯನ್ನು ಹಿಡಿದದ್ದೂ ನಿಜ. ಆಗ ಎದುರು ತಂಡದ ಆ ಕೋಚ್‌ನ ಮುಖ ಕಂಡಿತು. ಅವನಿಗೆ ಎಲೆ ತೋರಿಸುತ್ತ ನಿಂತಿದ್ದ ನನ್ನ ಚಿತ್ರ ಕಣ್ಣ ಮುಂದೆ ಬಂತು. ಬಟ್ಟೆಯನ್ನು ಬಿಟ್ಟು, ಅದೇ ಕೈಯಿಂದ ಇನ್ನೊಂದು ಕೈಯನ್ನು ಸವರಿದೆ.

ಮೊನ್ನೆ ಗುರುವಾರ ಇಲ್ಲಿನ ದೊಡ್ಡ ಹಬ್ಬ, ಥ್ಯಾಂಕ್ಸ್‌ಗಿವಿಂಗ್. ಪ್ರಹ್ಲಾದನ ಮನೆಯಲ್ಲಿ ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಎಲ್ಲರೂ ಅಡುಗೆಮನೆಯಲ್ಲಿದ್ದರು. ದಿಯಾ ಸೋಫಾದ ಮೇಲೆ ದಿಂಬಿಗೆ ಕಾಲಿಟ್ಟುಕೊಂಡು ಟಿವಿಯಲ್ಲಿ ಆಟ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತೆ. ಅವಳು ಟಿವಿಯ ಸದ್ದು ಕಡಿಮೆ ಮಾಡಿದಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ಅಂದು ಹುಡುಕಿ ಹುಡುಕಿ ತನ್ನ ಅಮ್ಮನ ಕನ್ನಡದಲ್ಲೇ ಮಾತಾಡಿದಳು.

‘ಅಂಕಲ್, ಬಾಲ್ ಯಾರೂ ಮುಟ್ಟಿಲ್ಲ. ನನ್ನ ಕಾಲಿಗೆ ಗೊತ್ತಾಗ್ತದ. ಕ್ಲೀನ್ ಹೋತು.’

ನಾನು ಅವಳ ಕಾಲ ಕೆಳಗಿನ ದಿಂಬನ್ನು ಸರಿಮಾಡಿದೆ.

‘ಅಮ್ಮಗ ಹೇಳಿಲ್ಲ ನಾ. ಹೇಳಂಗಿಲ್ಲ. ಇಲ್ಲೆ ಆಕಿಗೆ ತವರು ಅಂದ್ರ ನೀವು ಒಬ್ರ.’

ಟಿವಿಯಲ್ಲಿ ಯಾರದೋ ಫ್ಲ್ಯಾಗ್ ಬಿತ್ತು. ಅವಳು ಅದನ್ನು ನೋಡಲಿಲ್ಲ. ಬಹಳ ದಿನದಿಂದ ಯೋಚನೆ ಮಾಡಿದವರ ಹಾಗೆ ಮೆಲ್ಲಗೆ ಕೇಳಿದಳು.

‘ನಾ ನಿಮಗ ಗುರ್ತಿಲ್ಲದ ಹುಡುಗಿ ಆಗಿದ್ರ ಫ್ಲ್ಯಾಗ್ ಒಗೀತಿದ್ರಿ, ಹೌದಲ್ಲ ಅಂಕಲ್?’

ಹೌದು ಎಂದೆ.

ಅವಳು ತಲೆಯಾಡಿಸಿದಳು. ನಿರುಪಮಾ ಚಹಾ ತಂದಳು, ನನ್ನ ಕಪ್ಪಿಗೆ ಕೇಳದೆಯೇ ಇನ್ನೊಂದು ಚಮಚ ಸಕ್ಕರೆ ಹಾಕಿದಳು, ಮಾಮಾ-ಸೊಸೆ ಏನು ಮಾತಾಡುತ್ತಿದ್ದೀರಿ ಎಂದು ಕೇಳಿದಳು. ದಿಯಾ ಟಿವಿಯ ಸದ್ದು ಹೆಚ್ಚು ಮಾಡುತ್ತ, ಏನಿಲ್ಲ ಅಮ್ಮ, ಫುಟ್‌ಬಾಲ್ ಎಂದಳು. ನಾನು ಆ ಚಹಾ ಪೂರ್ತಿ ಕುಡಿದೆ.